ಒಂದೇ ಹಡಗು, ಐದು ಹೆಸರು



ಬಸ್ಸು, ಲಾರಿಗಳಿಗೆ ಬಾಡಿ ಕಟ್ಟುವ ಗ್ಯಾರೇಜನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಾರ್ಖಾನೆಯಿಂದ ಬರಿಯ ಚಾಸಿ ಬರುತ್ತದೆ. ಸೀಟು, ಕಿಟಕಿ, ಬಣ್ಣ, ಮುಂಭಾಗದ ಅಲಂಕಾರ ಇವೆಲ್ಲ ಆಮೇಲೆ ಕೂಡಿಕೊಳ್ಳುವಂಥವು. ಕೆಲವು ವರ್ಷ ಓಡಿದ ಮೇಲೆ ಹಳೆಯ ಬಾಡಿಯನ್ನು ಕಿತ್ತು ಹೊಸದನ್ನು ಕೂರಿಸುವುದೂ ಉಂಟು. ಚಾಸಿ ಮಾತ್ರ ಅದೇ. ಸಮುದ್ರದ ಮೇಲೆ ಸಾವಿರಾರು ಜನರನ್ನು ವಿಹಾರಕ್ಕೆ ಕರೆದೊಯ್ಯುವ ದೊಡ್ಡ ಹಡಗುಗಳಲ್ಲೂ ಇದೇ ಬಗೆಯ ಕೆಲಸ ನಡೆಯುತ್ತದೆ. ಅದರಲ್ಲೂ ಬ್ರಿಟನ್ನಿನ ಪ್ರವಾಸಿಗಳಿಗಾಗಿ ಹಳೆಯ ಹಡಗುಗಳನ್ನು ಮತ್ತೆ ಸಜ್ಜುಗೊಳಿಸುವುದು ಬಹುಕಾಲ ಒಂದು ದೊಡ್ಡ ಉದ್ಯಮವೇ ಆಗಿತ್ತು. ಇಂದು ಅದರ ವಿಚಾರವನ್ನು ತಿಳಿಯೋಣ.

ಒಂದು ಹಡಗಿನ ಕಥೆಯಿಂದಲೇ ಆರಂಭಿಸುತ್ತೇನೆ. 1989ರಲ್ಲಿ ಫ್ರಾನ್ಸಿನ ಸೇಂಟ್ ನಜೇರ್ ಎಂಬ ಬಂದರು ನಗರದಲ್ಲಿ ಒಂದು ವಿಹಾರನೌಕೆ ಸಿದ್ಧವಾಯಿತು. ಸುಮಾರು 245 ಮೀಟರ್ ಉದ್ದ, ಎಂದರೆ ಎರಡೂವರೆ ಹಾಕಿ ಮೈದಾನಗಳಿಗಿಂತ ಹೆಚ್ಚು. ಗಾತ್ರ ಸುಮಾರು 63,500 ಟನ್. ಹಡಗಿನ ಮಾತಿನಲ್ಲಿ ಈ ಟನ್ ತೂಕವಲ್ಲ, ಒಳಗಿನ ಅವಕಾಶದ ಅಳತೆ ಎಂಬುದನ್ನು ಗಮನಿಸಿ. 'ಸ್ಟಾರ್ ಪ್ರಿನ್ಸೆಸ್' ಎಂಬ ಹೆಸರಿನಿಂದ ಅದು ಅಮೆರಿಕದ ಪ್ರವಾಸಿಗಳಿಗೆಂದು ಓಡಾಡಿತು. ಎಂಟು ವರ್ಷಗಳ ಮೇಲೆ, 1997ರಲ್ಲಿ, ಅದು ಬ್ರಿಟನ್ನಿನ ಪಿ ಅಂಡ್ ಓ ಸಂಸ್ಥೆಯ ಸೇವೆಗೆ ಬಂದು 'ಆರ್ಕೇಡಿಯಾ' ಆಯಿತು.

ಆ ವರ್ಷವೇ ಪಿ ಅಂಡ್ ಓ ಸಂಸ್ಥೆಯ ಹಳೆಯ ಹಡಗು 'ಕ್ಯಾನ್‌ಬೆರಾ' ನಿವೃತ್ತಿ ಹೊಂದಿತ್ತು. 1961ರ ಈ ಹಡಗು 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸೈನಿಕರನ್ನು ಸಾಗಿಸಿ ಬ್ರಿಟಿಷರಿಗೆಲ್ಲ ಬೇಕಾದುದಾಗಿತ್ತು. ಅದರ ಜಾಗಕ್ಕೆ ಬಂದದ್ದು ಅಮೆರಿಕನ್ನರಿಗಾಗಿ ಕಟ್ಟಿದ ಹಡಗು! ಹಾಗಿದ್ದ ಮೇಲೆ ಹೆಸರು ಬದಲಿಸಿ ಬಣ್ಣ ಬಳಿದರಷ್ಟೇ ಸಾಕೇ? ಸಾಲದು. ಬ್ರಿಟಿಷ್ ಪ್ರವಾಸಿಗಳಿಗೆ ಏನು ಬೇಕು ಎಂಬುದನ್ನು ಮೊದಲು ತಿಳಿಯಬೇಕು.

ಬೇಕಾದುದು ಬಹುಪಾಲು ಸಣ್ಣ ಸಣ್ಣ ಸಂಗತಿಗಳೇ. ಲೆಕ್ಕವೆಲ್ಲ ಡಾಲರಿನಲ್ಲಿರದೆ ಪೌಂಡಿನಲ್ಲಿರಬೇಕು. ಜೂಜಿನ ಕೋಣೆ ಚಿಕ್ಕದಾದರೂ ಸರಿ, ಊರಿನ ಪಬ್ಬಿನಂಥ ಒಂದು ಮೂಲೆ ಬೇಕು. ಪುಸ್ತಕಾಲಯ ಬೇಕು. ಮಧ್ಯಾಹ್ನದ ಚಹಾ ಹೊತ್ತಿಗೆ ಸರಿಯಾಗಿ ಬರಬೇಕು. ಮಳೆ ಬಂದರೂ ಗಾಳಿ ಬೀಸಿದರೂ ಹಡಗನ್ನು ಒಂದು ಸುತ್ತು ನಡೆದು ಬರಲು ಅಗಲವಾದ ತೆರೆದ ಮೊಗಸಾಲೆ ಇರಬೇಕು. ವಾರಗಟ್ಟಲೆ ಪ್ರಯಾಣ ಮಾಡುವವರಾದ್ದರಿಂದ ಬಟ್ಟೆ ತಾವೇ ಒಗೆದು ಇಸ್ತ್ರಿ ಹಾಕಿಕೊಳ್ಳುವ ಕೋಣೆಯೂ ಬೇಕು. ಅಲ್ಲಿ ಸರದಿಗಾಗಿ ನಡೆಯುವ ಜಗಳಗಳು ಆ ದೇಶದ ಪ್ರವಾಸಿಗಳ ಮಾತಿನಲ್ಲಿ ತಮಾಷೆಯ ವಸ್ತುವಾಗಿವೆ. ಎಲ್ಲಕ್ಕಿಂತ ಮಿಗಿಲಾಗಿ, ಕ್ಯಾಬಿನ್ನಿನಲ್ಲಿ ಒಂದು ಕೆಟಲ್ ಇರಬೇಕು. ಬೆಳಗ್ಗೆ ಎದ್ದು ತನ್ನ ಚಹಾ ತಾನೇ ಮಾಡಿಕೊಳ್ಳದ ಬ್ರಿಟಿಷ್ ಪ್ರವಾಸಿಗೆ ರಜೆ ರಜೆಯಂತೆ ಕಾಣದು.

ಒಂದು ಕೆಟಲ್ ತಾನೇ, ಅದೇನು ಮಹಾ ಎನ್ನುವಿರಾ? ಇಲ್ಲೇ ಎಂಜಿನಿಯರುಗಳ ಕೆಲಸ ಆರಂಭವಾಗುವುದು. ಅಮೆರಿಕದ ಪ್ರವಾಸಿಗಳಿಗೆ ಕಟ್ಟಿದ ಹಡಗಿನ ಕ್ಯಾಬಿನ್ನುಗಳಲ್ಲಿ ಸಾಮಾನ್ಯವಾಗಿ 110 ವೋಲ್ಟಿನ, ಎರಡು ಚಪ್ಪಟೆ ಪಿನ್ನಿನ ಸಾಕೆಟ್ಟು. ಬ್ರಿಟನ್ನಿನಲ್ಲಿ 230 ವೋಲ್ಟು, ಮೂರು ಆಯತಾಕಾರದ ಪಿನ್ನು. ನಮ್ಮ ಮನೆಗಳಲ್ಲಿರುವ ಮೂರು ದುಂಡು ಪಿನ್ನಿನ ಮಾದರಿ ಹಿಂದೆ ಅವರದೇ. ನಮಗೆ ಕೊಟ್ಟು ಅವರು ಬೇರೆಯದಕ್ಕೆ ಹೋದರು. ಈಗ ಲೆಕ್ಕ ಹಾಕಿ. ಹಡಗಿನಲ್ಲಿ 700 ಕ್ಯಾಬಿನ್ನುಗಳಿವೆ, ಒಂದೊಂದು ಕೆಟಲ್ಲಿಗೆ ಒಂದು ಕಿಲೋವ್ಯಾಟ್ ಬೇಕು ಎಂದುಕೊಳ್ಳಿ. ಬೆಳಗ್ಗೆ ಏಳು ಗಂಟೆಗೆ ಎಲ್ಲರೂ ಒಟ್ಟಿಗೆ ಗುಂಡಿ ಒತ್ತಿದರೆ 700 ಕಿಲೋವ್ಯಾಟ್! ಅದೇ ಹೊತ್ತಿಗೆ ಅಡುಗೆಮನೆಯೂ ಸ್ನಾನದ ಬಿಸಿನೀರೂ ಹವಾನಿಯಂತ್ರಣವೂ ವಿದ್ಯುತ್ತು ಕೇಳುತ್ತಿರುತ್ತವೆ. ನಡುಸಮುದ್ರದಲ್ಲಿ ವಿದ್ಯುತ್ ಮಂಡಳಿಯ ತಂತಿ ಇಲ್ಲ; ಎಲ್ಲವೂ ಹಡಗಿನದೇ ಜನರೇಟರುಗಳಿಂದ ಬರಬೇಕು.

ಇದು ಉತ್ಪ್ರೇಕ್ಷೆಯ ಭಯವಲ್ಲ. 1990ರ ಜುಲೈ 4ರಂದು ವಿಶ್ವಕಪ್ ಫುಟ್‌ಬಾಲ್ ಸೆಮಿಫೈನಲ್ಲಿನಲ್ಲಿ ಪಶ್ಚಿಮ ಜರ್ಮನಿಯ ಎದುರು ಇಂಗ್ಲೆಂಡ್ ಸೋತಿತು. ದೂರದರ್ಶನದ ಮುಂದೆ ಕುಳಿತಿದ್ದವರೆಲ್ಲ ಎದ್ದು ಹೋಗಿ ಕೆಟಲ್ ಹಚ್ಚಿದರು. ಬ್ರಿಟನ್ನಿನ ವಿದ್ಯುತ್ ಜಾಲದ ಮೇಲೆ ಒಮ್ಮೆಗೇ 2,800 ಮೆಗಾವ್ಯಾಟ್ ಬೇಡಿಕೆ ಏರಿತು! ಇಂಥ ಜನರನ್ನು ಹಡಗಿಗೆ ಹತ್ತಿಸುವ ಮುಂಚೆ ಕೇಬಲ್ಲುಗಳ ದಪ್ಪವನ್ನೂ ಜನರೇಟರುಗಳ ಶಕ್ತಿಯನ್ನೂ ಪರೀಕ್ಷಿಸುವುದು ಒಳ್ಳೆಯದಲ್ಲವೇ? ಹೀಗೆ ಒಂದು ಕೆಟಲ್ಲಿಗಾಗಿ ಗೋಡೆಯ ಹಲಗೆಗಳನ್ನು ಬಿಚ್ಚಿ ತಂತಿ ಎಳೆಯಬೇಕಾಗುತ್ತದೆ.

ಇಷ್ಟು ತೊಂದರೆ ಏಕೆ, ಹೊಸ ಹಡಗನ್ನೇ ಕಟ್ಟಿಸಬಾರದೇ ಎಂದು ನೀವು ಕೇಳಬಹುದು. ಉತ್ತರ ಸರಳ. ಹೊಸ ವಿಹಾರನೌಕೆಗೆ ಸಾವಿರಾರು ಕೋಟಿ ರೂಪಾಯಿ ಬೇಕು. ಅಮೆರಿಕದಷ್ಟು ದೊಡ್ಡ ಮಾರುಕಟ್ಟೆ ಬ್ರಿಟನ್ನಿನದಲ್ಲ. ಅಮೆರಿಕದ ಸಂಸ್ಥೆಗಳು ಮತ್ತೆ ಮತ್ತೆ ಇನ್ನೂ ದೊಡ್ಡ ಹಡಗುಗಳನ್ನು ನೀರಿಗಿಳಿಸುತ್ತಿದ್ದಂತೆ ಹದಿನೈದು ಇಪ್ಪತ್ತು ವರ್ಷದ ಹಡಗು ಅಲ್ಲಿ ಹಳೆಯ ಮಾದರಿ ಎನಿಸುತ್ತದೆ. ಅದರ ಉಕ್ಕಾದರೋ ಇನ್ನೂ ಗಟ್ಟಿ. ಸರಿಯಾಗಿ ನೋಡಿಕೊಂಡರೆ ಮೂವತ್ತು ನಲವತ್ತು ವರ್ಷ ಬಾಳುವಂಥದು. ಥಾಮ್ಸನ್ ಸಂಸ್ಥೆಯ 'ಥಾಮ್ಸನ್ ಸ್ಪಿರಿಟ್', 'ಥಾಮ್ಸನ್ ಸೆಲೆಬ್ರೇಷನ್' ಹಡಗುಗಳು 1983 ಮತ್ತು 1984ರಲ್ಲಿ ಹಾಲೆಂಡ್ ಅಮೆರಿಕ ಸಂಸ್ಥೆಗಾಗಿ ಕಟ್ಟಿದವು. ಆ ಸಂಸ್ಥೆ 2017ರಲ್ಲಿ ಮರೆಲ್ಲಾ ಎಂಬ ಹೆಸರು ತಳೆದ ಮೇಲೂ ಬೇರೆಯವರು ಓಡಿಸಿದ್ದ ಹಡಗುಗಳನ್ನೇ ತಂದು ಸಜ್ಜುಗೊಳಿಸುತ್ತ ಬಂತು.

ಒಳಗಿನ ಸಜ್ಜು ಬದಲಿಸುವುದು ಒಂದು ಬಗೆಯಾದರೆ, ಹಡಗನ್ನೇ ಉದ್ದ ಮಾಡುವುದು ಇನ್ನೊಂದು. ಇದು ಕೇಳಲು ಕಟ್ಟುಕಥೆಯಂತಿದ್ದರೂ ನಿಜ. ನಾರ್ವೆ ಮೂಲದ ಫ್ರೆಡ್ ಓಲ್ಸೆನ್ ಸಂಸ್ಥೆ ಬ್ರಿಟಿಷ್ ಪ್ರವಾಸಿಗಳನ್ನೇ ನಂಬಿ ನಡೆಯುವಂಥದು. 1988ರಲ್ಲಿ 'ಕ್ರೌನ್ ಒಡಿಸ್ಸಿ' ಎಂಬ ಹೆಸರಿನಿಂದ ಜರ್ಮನಿಯಲ್ಲಿ ಹುಟ್ಟಿದ ಹಡಗನ್ನು ಅದು ಕೊಂಡು, ಹ್ಯಾಂಬರ್ಗ್ ನಗರದ ಡಾಕಿನಲ್ಲಿ ನಡುಮಧ್ಯಕ್ಕೆ ಕತ್ತರಿಸಿತು. ಎರಡು ತುಂಡುಗಳನ್ನು ದೂರ ಸರಿಸಿ, ಮೊದಲೇ ಸಿದ್ಧಮಾಡಿಟ್ಟಿದ್ದ 30 ಮೀಟರ್ ಉದ್ದದ ಹೊಸ ಭಾಗವನ್ನು ನಡುವೆ ಸೇರಿಸಿ ಬೆಸುಗೆ ಹಾಕಿತು. 2008ರಲ್ಲಿ ಅದು 'ಬಾಲ್ಮೋರಲ್' ಆಗಿ ಹೊರಟಿತು. ಅದೇ ವರ್ಷ ಅದೇ ಡಾಕಿನಲ್ಲಿ 'ಬ್ರೇಮಾರ್' ಎಂಬ ಹಡಗಿಗೂ ಇದೇ ಶಸ್ತ್ರಚಿಕಿತ್ಸೆ ನಡೆಯಿತು.

ಉದ್ದವಾದ ಹಡಗನ್ನು ಹಳೆಯ ಎಂಜಿನ್ ಎಳೆದೀತೇ? ಇಲ್ಲಿ ಭೌತವಿಜ್ಞಾನ ನಮ್ಮ ನೆರವಿಗೆ ಬರುತ್ತದೆ. ನೀರಿನಲ್ಲಿ ಹಡಗಿನ ಶಕ್ತಿಯ ಒಂದು ಪಾಲು ಅಲೆಗಳನ್ನು ಎಬ್ಬಿಸುವುದರಲ್ಲೇ ವ್ಯಯವಾಗುತ್ತದೆ. ಅಗಲವನ್ನು ಹೆಚ್ಚಿಸದೆ ಉದ್ದವನ್ನು ಮಾತ್ರ ಹೆಚ್ಚಿಸಿದರೆ ಅದೇ ವೇಗದಲ್ಲಿ ಈ ಪಾಲು ಅಷ್ಟಾಗಿ ಏರುವುದಿಲ್ಲ. ಆದ್ದರಿಂದ ಕ್ಯಾಬಿನ್ನುಗಳು ಹೆಚ್ಚಿದರೂ ಇಂಧನದ ಖರ್ಚು ಅದೇ ಪ್ರಮಾಣದಲ್ಲಿ ಹೆಚ್ಚದು. ಅಗಲ ಹೆಚ್ಚದಿದ್ದುದರ ಲಾಭ 'ಬ್ರೇಮಾರ್' ಹಡಗಿಗೆ ಇನ್ನೊಂದು ರೀತಿಯಲ್ಲೂ ಸಿಕ್ಕಿತು. 2019ರ ಅಕ್ಟೋಬರ್‌ನಲ್ಲಿ ಅದು ಗ್ರೀಸಿನ ಕಾರಿಂತ್ ಕಾಲುವೆಯನ್ನು ದಾಟಿತು. ಹಡಗಿನ ಅಗಲ 22.5 ಮೀಟರ್, ಕಾಲುವೆಯ ಅಗಲ ಕೆಲವೆಡೆ 24 ಮೀಟರ್ ಮಾತ್ರ. ಪ್ರಯಾಣಿಕರು ಎರಡೂ ಬದಿಯ ಬಂಡೆಗಳನ್ನು ಬಹು ಸಮೀಪದಿಂದ ಕಂಡರು. ಹೊಸಕಾಲದ ಭಾರೀ ಹಡಗುಗಳಿಗೆ ಸಾಧ್ಯವಾಗದ ದಾರಿ ಅದು. ಹಳೆಯ, ಚಿಕ್ಕ ಹಡಗನ್ನು ಇಷ್ಟಪಡುವ ಬ್ರಿಟಿಷರ ಮನಸ್ಸಿನಲ್ಲಿ ಬರಿಯ ಹಳೆಯದರ ಮೋಹವಲ್ಲದೆ ಹೀಗೊಂದು ನ್ಯಾಯವೂ ಇದೆ.

ಉದ್ದಕ್ಕಿಂತ ಎತ್ತರಕ್ಕೆ ಬೆಳೆಸುವುದು ಹೆಚ್ಚು ಅಪಾಯದ ಕೆಲಸ. ಮೇಲಿನ ಅಂತಸ್ತಿನಲ್ಲಿ ಹೊಸ ಹೋಟೆಲು, ಈಜುಕೊಳ, ಬಾಲ್ಕನಿಗಳನ್ನು ಸೇರಿಸುತ್ತ ಹೋದರೆ ಹಡಗಿನ ಗುರುತ್ವಕೇಂದ್ರ ಮೇಲಕ್ಕೆ ಸರಿಯುತ್ತದೆ. ದೋಣಿಯಲ್ಲಿ ಕುಳಿತವನು ಎದ್ದು ನಿಂತರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತು. ಹಾಗಾಗಿ ದೊಡ್ಡ ಮಾರ್ಪಾಡು ಆದ ಮೇಲೆ ಒಂದು ಪರೀಕ್ಷೆ ಮಾಡುತ್ತಾರೆ. ತಿಳಿದ ತೂಕದ ಗುಂಡುಗಳನ್ನು ಹಡಗಿನ ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸಿ, ಒಳಗೆ ಇಳಿಬಿಟ್ಟ ಲೋಲಕ ಎಷ್ಟು ಸರಿಯಿತು ಎಂದು ನೋಡುತ್ತಾರೆ. ಅಷ್ಟರಿಂದಲೇ ಗುರುತ್ವಕೇಂದ್ರ ಎಲ್ಲಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಪ್ರಯೋಗಶಾಲೆಯ ದಾರ ಮತ್ತು ಗುಂಡು ಸಾವಿರಾರು ಜನರ ಪ್ರಾಣ ಕಾಯುವ ಉಪಕರಣವಾಗುವುದು ಹೀಗೆ.

ಇನ್ನು ಬೆಂಕಿಯ ಮಾತು. ಹಳೆಯ ಹಡಗಿನ ಸೊಬಗೆಲ್ಲ ಅದರ ಮರಗೆಲಸದಲ್ಲಿ. ಐವತ್ತು ದಾಟಿದವರಿಗೆಂದೇ ಪ್ರವಾಸ ಏರ್ಪಡಿಸುವ ಸಾಗಾ ಸಂಸ್ಥೆ 1996ರಲ್ಲಿ ಕೊಂಡ 'ಸಾಗಾ ರೋಸ್' 1965ರಲ್ಲಿ ಕಟ್ಟಿದ ಹಡಗು. ಅದರ ಪ್ರಯಾಣಿಕರಿಗೆ ಅದು ತಮ್ಮ ಯೌವನದ ಕಾಲದ ವೈಭವವನ್ನೇ ನೆನಪಿಸುತ್ತಿತ್ತು. ಆದರೆ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಹಳೆಯ ಪ್ರಯಾಣಿಕ ಹಡಗುಗಳಿಗೂ ಒಂದು ಗಡುವು ವಿಧಿಸಿತು. 2010ರ ಅಕ್ಟೋಬರ್ 1ರ ನಂತರ, ಸುಲಭವಾಗಿ ಉರಿಯುವ ಸಾಮಗ್ರಿಯಿಂದ ಕಟ್ಟಿದ ಒಳಾಂಗಣವಿರುವ ಹಡಗು ಅಂತರರಾಷ್ಟ್ರೀಯ ಯಾನ ಮಾಡುವಂತಿಲ್ಲ. ಎಲ್ಲವನ್ನೂ ಕಿತ್ತು ಬದಲಿಸುವ ಖರ್ಚಿಗೆ ಹಡಗಿನ ಬೆಲೆ ಸಾಲದು. 'ಸಾಗಾ ರೋಸ್' 2009ರಲ್ಲೇ ನಿಂತಿತು. ಅಭಿಮಾನಿಗಳು ಕಣ್ಣೀರು ಸುರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ನಿಯಮವೇ ಸರಿ. ನಡುಸಮುದ್ರದಲ್ಲಿ ಹೊತ್ತಿದ ಬೆಂಕಿಗೆ ಅಗ್ನಿಶಾಮಕ ದಳ ಬರುವುದಿಲ್ಲ.

ಈ ಬೆಂಕಿಯ ಭಯಕ್ಕೇ ಅರವತ್ತು ಎಪ್ಪತ್ತರ ದಶಕದ ಹಡಗುಗಳಲ್ಲಿ ಗೋಡೆ, ಕೊಳವೆಗಳ ಸುತ್ತ ಕಲ್ನಾರು ತುಂಬಿದ್ದರು. ಅದು ಉರಿಯದು, ನಿಜ. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ ಕ್ಯಾನ್ಸರ್ ಬರಬಹುದೆಂಬುದು ಬಳಿಕ ಖಚಿತವಾಯಿತು. ಹಡಗು ಓಡುವಷ್ಟು ಕಾಲ ಕಲ್ನಾರು ಹಲಗೆಗಳ ಹಿಂದೆ ಮುಚ್ಚಿಕೊಂಡಿರುತ್ತದೆ. ಒಡೆಯುವ ದಿನ ಹೊರಬರುತ್ತದೆ.

ನಾವು ಆರಂಭಿಸಿದ ಹಡಗಿಗೆ ಮರಳೋಣ. 2003ರಲ್ಲಿ 'ಆರ್ಕೇಡಿಯಾ' ಮತ್ತೆ ಹೊಸರೂಪ ತಾಳಿ 'ಓಷನ್ ವಿಲೇಜ್' ಆಯಿತು. ಈ ಸಲವೂ ಬ್ರಿಟಿಷರಿಗೇ, ಆದರೆ ಕಿರಿಯ ವಯಸ್ಸಿನವರಿಗೆ. ಸಂಜೆಯ ಊಟಕ್ಕೆ ಕೋಟು ಟೈ ಬೇಕಿಲ್ಲ, ನಿಗದಿತ ಮೇಜಿಲ್ಲ. ಹಸಿದಾಗ ಹೋಗಿ ಬಡಿಸಿಕೊಳ್ಳುವ ಬಫೆ. ಆರೇ ವರ್ಷದ ಹಿಂದೆ ಅದೇ ಹಡಗಿನಲ್ಲಿ ಸಂಪ್ರದಾಯವನ್ನು ಹುಡುಕಿ ಬಂದವರಿದ್ದರು! ಒಂದು ದೇಶದ ಜನರ ಅಭಿರುಚಿ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುವುದು ಎಷ್ಟು ಅವಸರದ್ದು ನೋಡಿ. 2010ರಲ್ಲಿ ಅದು ಆಸ್ಟ್ರೇಲಿಯಕ್ಕೆ ಹೋಗಿ 'ಪೆಸಿಫಿಕ್ ಪರ್ಲ್' ಎನಿಸಿತು. 2017ರಲ್ಲಿ ಮೂರನೆಯ ಬಾರಿಗೆ ಬ್ರಿಟಿಷರ ಬಳಿಗೆ ಬಂದು 'ಕೊಲಂಬಸ್' ಆಯಿತು. ಈಗ ಮತ್ತೆ ಹಿರಿಯರೇ ಪ್ರಯಾಣಿಕರು. ವಿಮಾನದ ಗೊಡವೆಯಿಲ್ಲದೆ, ಲಂಡನ್ನಿಗೆ ಹತ್ತಿರದ ಟಿಲ್ಬರಿ ಬಂದರಿನಲ್ಲೇ ಹತ್ತಿ ಅಲ್ಲೇ ಇಳಿಯುವ ಅನುಕೂಲ ಅವರನ್ನು ಸೆಳೆಯಿತು.

ಮೂರು ವರ್ಷ ಕಳೆಯಿತು. 2020ರ ಕೋವಿಡ್ ಕಾಲದಲ್ಲಿ ವಿಹಾರನೌಕೆಗಳೆಲ್ಲ ನಿಂತವು. ಆ ಜುಲೈನಲ್ಲಿ 'ಕೊಲಂಬಸ್' ಹಡಗನ್ನು ನಡೆಸುತ್ತಿದ್ದ ಕ್ರೂಸ್ ಅಂಡ್ ಮ್ಯಾರಿಟೈಮ್ ವಾಯೇಜಸ್ ಸಂಸ್ಥೆ ದಿವಾಳಿಯಾಯಿತು. ಹಡಗುಗಳು ಹರಾಜಾದವು. 2021ರಲ್ಲಿ 'ಕೊಲಂಬಸ್', ಅದರ ಜೊತೆಯ 'ಮೆಗೆಲ್ಲನ್' ಮತ್ತು 1965ರ 'ಮಾರ್ಕೊ ಪೋಲೊ' ಮೂರೂ ಬಂದದ್ದು ನಮ್ಮ ದೇಶಕ್ಕೆ, ಗುಜರಾತಿನ ಅಲಂಗ್ ತೀರಕ್ಕೆ. ಅಲ್ಲಿ ಖಂಬಾತ್ ಕೊಲ್ಲಿಯ ಭರತ ಸುಮಾರು ಹತ್ತು ಮೀಟರಿನಷ್ಟು ಏರುತ್ತದೆ. ಆ ಹೊತ್ತಿಗೆ ಹಡಗನ್ನು ತನ್ನದೇ ವೇಗದಲ್ಲಿ ದಡಕ್ಕೆ ನುಗ್ಗಿಸಿ ನಿಲ್ಲಿಸುತ್ತಾರೆ. ನೀರಿಳಿದ ಮೇಲೆ ಕಾರ್ಮಿಕರು ಗ್ಯಾಸ್ ಕಟರ್ ಹಿಡಿದು ಅದನ್ನು ತುಂಡುತುಂಡಾಗಿ ಬಿಡಿಸುತ್ತಾರೆ. ಅಲಂಗ್ ರಸ್ತೆಯ ಇಕ್ಕೆಲದ ಅಂಗಡಿಗಳಲ್ಲಿ ಹಡಗುಗಳ ಹಾಸಿಗೆ, ಕುರ್ಚಿ, ಪಿಂಗಾಣಿ ತಟ್ಟೆಗಳು ಮಾರಾಟಕ್ಕಿರುತ್ತವೆ. ಉಕ್ಕು ಕರಗಿ ಮತ್ತೆ ಕಟ್ಟಡದ ಕಂಬಿಯಾಗುತ್ತದೆ. ಕಲ್ನಾರಿನ ಧೂಳನ್ನು ಉಸಿರಾಡುವ ಅಪಾಯ ಮಾತ್ರ ಒಡೆಯುವವನ ಪಾಲಿನದು. ಒಂದೊಂದು ಹಡಗಿನಲ್ಲೂ ಅಪಾಯಕಾರಿ ವಸ್ತು ಎಲ್ಲಿ ಎಷ್ಟಿದೆ ಎಂಬ ಪಟ್ಟಿ ಇರಲೇಬೇಕೆಂದು ಹೇಳುವ ಹಾಂಗ್‌ಕಾಂಗ್ ಒಪ್ಪಂದ 2009ರಲ್ಲಿ ಸಿದ್ಧವಾಯಿತು, 2019ರಲ್ಲಿ ಭಾರತ ಅದಕ್ಕೆ ಸೇರಿತು, ಜಾರಿಗೆ ಬಂದದ್ದು 2025ರ ಜೂನ್ 26ರಂದು. ಆ ಮೂರು ಹಡಗುಗಳು ಅದಕ್ಕೆ ಮುಂಚೆಯೇ ಮುಗಿದಿದ್ದವು.

ಈ ವಿದ್ಯೆ ಈಗ ನಮ್ಮವರಿಗಾಗಿಯೂ ನಡೆದಿದೆ. 1990ರಲ್ಲಿ ಇಟಲಿಯಲ್ಲಿ ಕಟ್ಟಿದ ಒಂದು ಹಡಗು 2019ರಲ್ಲಿ 'ಕರ್ಣಿಕಾ' ಎಂಬ ಹೆಸರಿನಿಂದ ಮುಂಬಯಿಗೆ ಬಂತು. ಮರುವರ್ಷ ಅದೂ ಅಲಂಗ್ ಸೇರಿತು. 2021ರಲ್ಲಿ 'ಎಂಪ್ರೆಸ್' ಎಂಬ ಇನ್ನೊಂದು ಹಡಗು ಮುಂಬಯಿಯಿಂದ ಗೋವಾ, ಲಕ್ಷದ್ವೀಪಗಳತ್ತ ಹೊರಟಿತು. ಇಲ್ಲಿ ಕೆಟಲ್ಲಿನ ಬದಲು ಬೇರೆ ಪ್ರಶ್ನೆಗಳು: ಸಸ್ಯಾಹಾರಕ್ಕೆ ಪ್ರತ್ಯೇಕ ಪಾತ್ರೆಗಳೇ? ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನರ ಊಟ ಯಾವ ಒಲೆಯ ಮೇಲೆ? ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಒಟ್ಟಿಗೆ ಬಂದರೆ ಎರಡು ಮಂಚದ ಕ್ಯಾಬಿನ್ ಸಾಕೇ? ಮಂಗಳೂರು, ಉಡುಪಿ ಕಡೆಯ ಎಷ್ಟೋ ತರುಣರು ವಿದೇಶಿ ಹಡಗುಗಳ ಊಟದ ಮನೆಗಳಲ್ಲಿ ದುಡಿದು ಬಂದವರು. ನಿಮ್ಮ ಪರಿಚಯದಲ್ಲಿ ಅಂಥವರಿದ್ದರೆ ಕೇಳಿ ನೋಡಿ. ಯಾವ ದೇಶದವರು ಬೆಳಗ್ಗೆ ಎದ್ದೊಡನೆ ಏನು ಕೇಳುತ್ತಾರೆ ಎಂಬುದನ್ನು ಅವರು ಬೆರಳ ತುದಿಯಲ್ಲಿ ಹೇಳಿಯಾರು. ಅಂದಹಾಗೆ, ಈ 'ಎಂಪ್ರೆಸ್' ಕೂಡ ಹೊಸದಲ್ಲ. ನಮ್ಮ ಕಥೆಯ 'ಸ್ಟಾರ್ ಪ್ರಿನ್ಸೆಸ್' ನೀರಿಗಿಳಿದ ಸೇಂಟ್ ನಜೇರ್‌ನ ಅದೇ ಕಾರ್ಖಾನೆಯಲ್ಲಿ, ಅದರ ಮರುವರ್ಷ, 1990ರಲ್ಲಿ ಸಿದ್ಧವಾದದ್ದು.