ದೀವ್ ದ್ವೀಪದ ಸೈಕಲ್ ಸುತ್ತು
(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣ)



ಹೋದ ಚಳಿಗಾಲದಲ್ಲಿ ಅಹಮದಾಬಾದು, ವಡೋದರೆ, ಸೂರತ್ತುಗಳ ನಾವು ಹನ್ನೊಂದು ಮಂದಿ ಕನ್ನಡಿಗರು ದೀವ್ ದ್ವೀಪವನ್ನು ಸೈಕಲ್ಲಿನ ಮೇಲೆ ಸುತ್ತಿ ಬಂದೆವು. ಆ ಸಂಗತಿಯನ್ನು ಈ ಕೂಟದಲ್ಲಿ ಅರಿಕೆ ಮಾಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆಯಾಗಿದೆ. ಹನ್ನೊಂದು ಮಂದಿಯ ಪರವಾಗಿ ‘ನಾವು’ ಎಂದೇ ಹೇಳುತ್ತೇವೆ. ಕಂಡ ಸಂತೋಷವೂ ನಮ್ಮೆಲ್ಲರದು, ಆದ ತಪ್ಪೂ ನಮ್ಮೆಲ್ಲರದು.

ಈ ಹುಚ್ಚು ಹಿಡಿದದ್ದು ಇದೇ ವಾಚನಾಲಯದ ಮೇಜಿನ ಬಳಿ. ಮೆಡಿಟರೇನಿಯನ್ ಸಮುದ್ರದಲ್ಲಿ ಮಯೋರ್ಕ ಎಂಬ ಸ್ಪೇನಿನ ದ್ವೀಪವೊಂದಿದೆ. ವಸಂತ ಕಾಲದಲ್ಲಿ ಯೂರೋಪಿನ ಸೈಕಲ್ ಸವಾರರು ಅಲ್ಲಿಗೆ ಗುಂಪುಗುಂಪಾಗಿ ಹೋಗುತ್ತಾರೆಂದೂ, ಅಲ್ಲಿಯ ಟ್ರಮುಂಟಾನ ಬೆಟ್ಟಸಾಲು 2011ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತೆಂದೂ ಓದಿ ನಿಟ್ಟುಸಿರು ಬಿಟ್ಟೆವು. ಆಗ ಸೂರತ್ತಿನ ಮಗ್ಗದ ಕಾರ್ಖಾನೆಯಲ್ಲಿ ದುಡಿಯುವ ಗೆಳೆಯರೊಬ್ಬರು, “ದ್ವೀಪವೇ ಬೇಕಾದರೆ ಸೌರಾಷ್ಟ್ರದ ಅಂಚಿನಲ್ಲೇ ಇದೆಯಲ್ಲ! ವಿಮಾನವೇಕೆ? ರಾತ್ರಿಯ ರೈಲು ಸಾಕು” ಎಂದರು.

ದೀವಿಗೆ ಹೊರಟಿದ್ದೇವೆಂದಾಗ ನೆರೆಹೊರೆಯವರು ಮುಸಿಮುಸಿ ನಕ್ಕರು. ಗುಜರಾತಿನಲ್ಲಿ ಪಾನನಿರೋಧ, ದೀವಿನಲ್ಲಿ ಅದಿಲ್ಲ. ನಗೆಯ ಅರ್ಥ ತಮಗೆಲ್ಲ ಗೊತ್ತೇ ಇದೆ. ನಾವು ಕುಡಿದದ್ದು ಎಳನೀರು ಮಾತ್ರವೆಂದು ಈ ಸಭೆಯಲ್ಲಿ ದಾಖಲೆ ಮಾಡಿಸುತ್ತಿದ್ದೇವೆ.

ರೈಲಿನಲ್ಲಿ ವೇರಾವಳ, ಅಲ್ಲಿಂದ ಕೋಡಿನಾರ, ಊನಾಗಳ ಮೇಲೆ ಬಸ್ಸು. ಖಾರಿಯ ಮೇಲಿನ ಸೇತುವೆ ದಾಟಿದರೆ ದೀವ್. ದ್ವೀಪದ ಉದ್ದ ಸುಮಾರು 11 ಕಿಲೋಮೀಟರು, ಅಗಲ ಮೂರರೊಳಗೆ. ಹತ್ತುವ ಗುಡ್ಡಗಳಿಲ್ಲ, ಲಾರಿಗಳ ಕಾಟ ಕಡಿಮೆ. ಊರಿನಲ್ಲೇ ಬಾಡಿಗೆಗೆ ಸೈಕಲ್ ಸಿಕ್ಕಿತು. ದಾರಿಯುದ್ದಕ್ಕೂ ಹೋಕಾ ಎಂಬ ತಾಳೆಮರಗಳು. ನಮ್ಮ ತೆಂಗು, ಅಡಕೆಗಳಂತೆ ಒಂದೇ ಕಾಂಡವಲ್ಲ. ಕವಲೊಡೆದು, ಪ್ರತಿ ಕವಲಿಗೂ ಒಂದು ಕೊಡೆ ಹಿಡಿದು ನಿಲ್ಲುತ್ತವೆ. ಫುದಮ್ ಎಂಬಲ್ಲಿ ಗಂಗೇಶ್ವರ: ಬಂಡೆಗಳ ನಡುವೆ ಐದು ಲಿಂಗಗಳು, ಉಬ್ಬರದ ಅಲೆಯೇ ಬಂದು ಅಭಿಷೇಕ ಮಾಡಿ ಹೋಗುತ್ತದೆ.

ಪೂರ್ವದ ತುದಿಯಲ್ಲಿ ಕೋಟೆ. ಹುಮಾಯೂನನ ಸೇನೆಗೆ ಅಂಜಿದ ಗುಜರಾತಿನ ಸುಲ್ತಾನ ಬಹಾದುರ್ ಷಾ 1535ರಲ್ಲಿ ಪೋರ್ಚುಗೀಸರ ನೆರವು ಬಯಸಿ, ಇಲ್ಲಿ ಕೋಟೆ ಕಟ್ಟಲು ಒಪ್ಪಿದನು. 1537ರಲ್ಲಿ ಇದೇ ಕಡಲಿನಲ್ಲಿ ಅವರ ಕೈಯಲ್ಲೇ ಸತ್ತನು. 1538 ಮತ್ತು 1546ರ ಎರಡು ಮುತ್ತಿಗೆಗಳಿಗೂ ಕೋಟೆ ಮಣಿಯಲಿಲ್ಲ. ಕೊನೆಗೆ ಗೋವಾ, ದಮನ್‌ಗಳೊಡನೆ ದೀವ್ ಬಿಡುಗಡೆ ಹೊಂದಿದ್ದು 1961ರ ಡಿಸೆಂಬರ್ 19ರಂದು. ಹೊನ್ನಾವರ, ಬಸರೂರು, ಮಂಗಳೂರುಗಳನ್ನು ಕಾಡಿದವರೂ, ಉಳ್ಳಾಲದ ರಾಣಿ ಅಬ್ಬಕ್ಕ ಎದುರಿಸಿದವರೂ ಇದೇ ಪೋರ್ಚುಗೀಸರು. ಆದ್ದರಿಂದ ಆ ಗೋಡೆಯ ಮೇಲೆ ನಿಂತಾಗ ಯಾರದೋ ಕಥೆ ಕೇಳಿದಂತಾಗಲಿಲ್ಲ.

ಇನ್ನು ತಪ್ಪಿನ ಮಾತು. ನಾಗೋವಾ ಕಡಲತೀರದಿಂದ ಪಶ್ಚಿಮದ ವಣಕ್‌ಬಾರಾ ಎಂಬ ಮೀನುಗಾರರ ಊರಿನತ್ತ ಹೊರಟಾಗ, ಕಿರಿಯರಾದ ನಾವು ಪಂದ್ಯ ಕಟ್ಟಿದೆವು. ದಕ್ಕೆಯಲ್ಲಿ ಇಳಿದು, ಬಣ್ಣದ ದೋಣಿಗಳನ್ನು ನೋಡಿ, ಚಹಾ ಹೇಳಿದೆವು. ಲೋಟಗಳನ್ನು ಎಣಿಸುವಾಗ ಒಂದು ಹೆಚ್ಚಾಯಿತು. ವಡೋದರೆಯ ನಮ್ಮ ಹಿರಿಯರು ಬಂದಿರಲಿಲ್ಲ.

ಅವರು ಗುಮಾಸ್ತರು, ನಿವೃತ್ತಿ ಹತ್ತಿರವಾಗಿದೆ. ಮೂವತ್ತು ವರ್ಷ ಕಚೇರಿಗೆ ಸೈಕಲ್ ತುಳಿದವರು. ಸಂತೋಷಕ್ಕೆಂದು ತುಳಿದದ್ದು ಅದೇ ಮೊದಲ ದಿನ. ನಾವು ಹಿಂದಿರುಗಿ ಹೋಗಿ ನೋಡಿದರೆ, ಬಿಸಿಲಿನಲ್ಲಿ ರಸ್ತೆಯ ಪಕ್ಕ ಕುಳಿತಿದ್ದರು. ಸರಪಳಿ ಹರಿದು ಒಂದು ತಾಸಿನ ಮೇಲಾಗಿತ್ತು. ಮೀನಿನ ಬುಟ್ಟಿ ಹೊತ್ತು ಹೋಗುತ್ತಿದ್ದ ತಾಯಿಯೊಬ್ಬಳು ನೀರು ಕೊಟ್ಟು ಹೋಗಿದ್ದಳಂತೆ. ಅವರು ಬೈಯಲಿಲ್ಲ. “ಊರು ಬಿಟ್ಟು ಬಂದವನಿಗೆ ಹಿಂದೆ ಉಳಿಯುವುದು ಹೊಸದಲ್ಲ. ಆದರೆ ಕನ್ನಡ ಮಾತನಾಡುತ್ತ ಬಂದವರು ಮಾತು ನಿಂತದ್ದನ್ನೂ ಗಮನಿಸಲಿಲ್ಲವಲ್ಲ!” ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂದಿನ ರಾತ್ರಿ ಯಾರಿಗೂ ಊಟ ರುಚಿಸಲಿಲ್ಲ. ಕುಳಿತು ಒಂದು ನಿಯಮ ಮಾಡಿದೆವು: ಎಲ್ಲರಿಗಿಂತ ನಿಧಾನವಾಗಿ ಹೋಗುವವರು ಮುಂದೆ, ಗಟ್ಟಿಗರು ಹಿಂದೆ, ಕೊನೆಯವರ ಕೈಯಲ್ಲಿ ಪಂಪು, ತೇಪೆ, ಸ್ಪಾನರು. ಮುಂದಿನವರ ವೇಗವೇ ಗುಂಪಿನ ವೇಗ.

ಮರುದಿನ ಬೆಳಿಗ್ಗೆ ಹಿರಿಯರನ್ನು ಮುಂದಿಟ್ಟುಕೊಂಡು ಖುಕ್ರಿ ಸ್ಮಾರಕಕ್ಕೆ ಹೋದೆವು. 1971ರ ಡಿಸೆಂಬರ್ 9ರ ರಾತ್ರಿ ಈ ಕಡಲಿನಾಚೆ ಪಾಕಿಸ್ತಾನದ ಜಲಾಂತರ್ಗಾಮಿಯ ಹೊಡೆತಕ್ಕೆ ನಮ್ಮ ನೌಕಾಪಡೆಯ ‘ಖುಕ್ರಿ’ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಪ್ರಾಣ ತೆತ್ತರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ತಮ್ಮವರನ್ನು ಪಾರುಮಾಡಲು ಯತ್ನಿಸಿ, ತಾವು ಹಡಗನ್ನು ಬಿಡದೆ ಅದರೊಡನೆಯೇ ಮುಳುಗಿದರು. ಆ ದೊಡ್ಡ ತ್ಯಾಗಕ್ಕೂ ನಮ್ಮ ಸಣ್ಣ ತಪ್ಪಿಗೂ ಹೋಲಿಕೆ ಸಲ್ಲದು. ಆದರೂ ಅಲ್ಲಿ ನಿಂತಷ್ಟು ಹೊತ್ತು ನಾವು ಹಿರಿಯರ ಮುಖ ನೋಡಲಾಗಲಿಲ್ಲ. ಅವರೇ ನಮ್ಮ ಹೆಗಲ ಮೇಲೆ ಕೈಯಿಟ್ಟು, “ನಡೆಯಿರಿ, ಬಿಸಿಲೇರುತ್ತದೆ” ಎಂದರು.

ಅಂದು ನಿಧಾನವಾಗಿ ಹೋದದ್ದರಿಂದ ನಷ್ಟವೇನೂ ಆಗಲಿಲ್ಲ. ಪಂದ್ಯದ ದಿನ ಕಾಣದೆ ಹೋದ ಉಪ್ಪುನೀರಿನ ಹಕ್ಕಿಗಳು, ಹಳೆಯ ಮನೆಗಳ ಬಣ್ಣದ ಬಾಗಿಲುಗಳು, ಒಣಗಹಾಕಿದ ಮೀನಿನ ಸಾಲುಗಳು ಎಲ್ಲವೂ ಕಂಡವು.

ಹೋಗಬಯಸುವವರಿಗೆ ಕೆಲವು ಸೂಚನೆ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿರಿ. ಬೆಳಿಗ್ಗೆ ಬೇಗ ಹೊರಡಿರಿ, ಮಧ್ಯಾಹ್ನ ಕಡಲಗಾಳಿ ಎದ್ದರೆ ತುಳಿಯುವುದು ಕಷ್ಟ. ಬಾಡಿಗೆಯ ಸೈಕಲ್ಲಿನ ಸರಪಳಿಯನ್ನೂ ಬ್ರೇಕನ್ನೂ ಹಣ ಕೊಡುವ ಮೊದಲೇ ನೋಡಿರಿ.

ಮಿತ್ರರೇ, ಊರಿನಿಂದ ಹೊಸದಾಗಿ ಬಂದು, ಗುಜರಾತಿ ಬಾರದೆ, ಕೋಣೆ ಸಿಗದೆ, ಈ ವಾಚನಾಲಯದ ಬಾಗಿಲಲ್ಲಿ ಹಿಂಜರಿದು ನಿಲ್ಲುವ ಹುಡುಗರನ್ನು ನಾವೆಲ್ಲ ಕಂಡಿದ್ದೇವೆ. ಕಂಡೂ ಪತ್ರಿಕೆಯಿಂದ ತಲೆ ಎತ್ತದೆ ಇದ್ದೇವೆ. ದೀವಿನ ನಿಯಮ ಅಲ್ಲಿಗೂ ಸಲ್ಲುತ್ತದೆಂದು ಈಗ ನಮಗೆ ತೋರುತ್ತದೆ.

ಮುಂದಿನ ಚಳಿಗಾಲಕ್ಕೆ ಹೆಸರು ಬರೆಸುವ ಪುಸ್ತಕ ಮೇಜಿನ ಮೇಲಿದೆ. ಮೊದಲ ಹೆಸರು ವಡೋದರೆಯ ಹಿರಿಯರದೇ. ಮುಂದಿನ ಸೈಕಲ್ಲೂ ಅವರದೇ.