ಹೆಸರು ಇಡೋದು ಬೇಡ, ಹೆಸರು ಹಿಡಿದು ಕರೆಯೋಣ



ನಮ್ಮ ಉತ್ತರ ಕರ್ನಾಟಕದ ಕಡೆ ‘ಹೆಸರು ಇಡೋದು’ ಅಂದರೆ ಆಡಿಕೊಳ್ಳೋದು. ಮರಾಠಿಯ ‘ನಾವ್ ಠೇವಣೆ’ ಕೂಡ ಅದೇ. ಹಾಗೆ ಆಡಿಕೊಳ್ಳುವ ಮಾತು ಎಲ್ಲಿಗೆ ಮುಟ್ಟುತ್ತದೆ ಅನ್ನುವುದನ್ನು ಇವತ್ತು ಹೇಳಬೇಕೆಂದಿದ್ದೇನೆ.

2014ರ ಜನವರಿ 29ರಂದು ದೆಹಲಿಯ ಲಾಜಪತ ನಗರದ ಅಂಗಡಿಯೊಂದರಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೊ ತಾನಿಯಾನ ಕೂದಲು ನೋಡಿ ನಕ್ಕರು. ಮಾತಿಗೆ ಮಾತು ಬೆಳೆಯಿತು, ಅವನನ್ನು ಹೊಡೆದರು. ಮರುದಿನ ಅವನು ತೀರಿಕೊಂಡ. ಆಮೇಲೆ ನೇಮಿಸಿದ ಬೆಜ್‌ಬರುವಾ ಸಮಿತಿ, ಜನಾಂಗದ ಹೆಸರಲ್ಲಿ ಅವಮಾನಿಸುವುದೇ ಅಪರಾಧವಾಗಲಿ ಎಂದಿತು. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಜನಾಂಗ, ಜಾತಿ, ಭಾಷೆ, ಹುಟ್ಟೂರಿನ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಶಿಕ್ಷೆಗೆ ಪ್ರತ್ಯೇಕ ಕಲಮು ಇದೆ. ಆದರೆ ಅದು ಕೊಲೆಯಾದ ಮೇಲಿನ ಮಾತು. ಅದಕ್ಕೆ ಮೊದಲಿನ ನಗುವನ್ನು ತಡೆಯಬೇಕಾದವರು ಪಕ್ಕದಲ್ಲಿ ನಿಂತಿರುವ ನಾವು.

ಇದು ದೆಹಲಿಯ ಕಥೆ ಮಾತ್ರ ಅಲ್ಲ. 2012ರ ಆಗಸ್ಟ್‌ನಲ್ಲಿ ಸುಳ್ಳು ಸಂದೇಶಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು, ಪುಣೆ ಬಿಟ್ಟು ಹೊರಟರು. ಬೆಂಗಳೂರಿನಿಂದ ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. 2014ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕೊತ್ತನೂರಿನಲ್ಲಿ, ಕನ್ನಡ ಮಾತಾಡಲಿಲ್ಲವೆಂದು ಮಣಿಪುರದ ವಿದ್ಯಾರ್ಥಿಯೊಬ್ಬನನ್ನು ಹೊಡೆದರು. ಪರಊರಿನಲ್ಲಿ ಕನ್ನಡಕ್ಕಾಗಿ ಸಂಘ ಕಟ್ಟಿಕೊಂಡ ನಮಗೆ ಇದು ಚುಚ್ಚಬೇಕು. ಇಲ್ಲಿ ನಮ್ಮನ್ನು ‘ಯಾವ ಊರು?’ ಎಂದು ಕೇಳುತ್ತಾರೆ. ಅವರನ್ನು ‘ಯಾವ ದೇಶ?’ ಎಂದು ಕೇಳುತ್ತಾರೆ!

ಇಂಥ ಸಾವನ್ನು ನೆನೆಯುವುದೆಂದರೇನು ಎಂದು ಒಬ್ಬ ತಾಯಿ ತೋರಿಸಿಕೊಟ್ಟಳು. 1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಕೊಂದರು. ಅವನ ತಾಯಿ ಮೇಮಿ ಶವಪೆಟ್ಟಿಗೆ ಮುಚ್ಚಲು ಬಿಡಲಿಲ್ಲ. ಮಗನ ಜಜ್ಜಿಹೋದ ಮುಖವನ್ನು ಷಿಕಾಗೋದಲ್ಲಿ ಸಾವಿರಾರು ಜನ ನೋಡಿದರು. ನ್ಯಾಯಾಲಯ ಆರೋಪಿಗಳನ್ನು ಬಿಟ್ಟಿತು; ನೋಡಿದವರು ಮರೆಯಲಿಲ್ಲ. ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ಆ ಮುಖ ಕಸುವು ಕೊಟ್ಟಿತು. ಅವನ ಹೆಸರಿನ ಕಾನೂನು ಬಂದದ್ದು 2022ರಲ್ಲಿ, 67 ವರ್ಷಗಳ ನಂತರ.

ಅಷ್ಟು ಕಾಯುವುದು ಬೇಡ. ನಮ್ಮ ಖರಾಡಿಯ ಪಾರ್ಲರುಗಳಲ್ಲಿ, ಹೋಟೆಲುಗಳಲ್ಲಿ, ಆಫೀಸುಗಳಲ್ಲಿ ಈಶಾನ್ಯದ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ಅವರ ಹೆಸರು ನಾಲಿಗೆಗೆ ಹೊಸದಾದರೆ ಎರಡು ಸಲ ಕೇಳಿ ಕಲಿಯೋಣ. ಸೊಸೈಟಿಯಲ್ಲಿ ಮುಖ ನೋಡಿ ಮನೆ ಬಾಡಿಗೆಗೆ ಇಲ್ಲ ಅಂದರೆ, ಮೀಟಿಂಗಿನಲ್ಲಿ ಎದ್ದು ಯಾಕೆಂದು ಕೇಳೋಣ. ಊಟದ ಹೊತ್ತಿನಲ್ಲಿ ಯಾರಾದರೂ ‘ಚಿಂಕಿ’ ಅಂದರೆ ನಗದೆ, ‘ಅವಳಿಗೊಂದು ಹೆಸರಿದೆ’ ಅನ್ನೋಣ. ನಾವು ಹಾಗೆ ಹೇಳುವುದನ್ನು ನಮ್ಮ ಮಕ್ಕಳೂ ಕೇಳಿಸಿಕೊಳ್ಳಲಿ.