ಪದವಿಯ ಕಲಿಕೆಯಲ್ಲಿ ಉದ್ಯಮದ ಪಾಲು



ಉದ್ಯಮ ಮತ್ತು ಉನ್ನತ ಶಿಕ್ಷಣಗಳ ಸಂಬಂಧವನ್ನು ಕುರಿತ ವಿಚಾರ ಸಂಕಿರಣಗಳು ಬಹುತೇಕ ಮಹಾನಗರಗಳ ತಾರಾ ಹೋಟೆಲುಗಳಲ್ಲಿ ನಡೆಯುವ ಈ ಕಾಲದಲ್ಲಿ, ಚಾರ್ಮಾಡಿ ಘಟ್ಟದ ಬುಡದಲ್ಲಿರುವ ಕಕ್ಕಿಂಜೆಯನ್ನು ಇಂದಿನ ಸಂಕಿರಣಕ್ಕೆ ಆಯ್ದುಕೊಂಡ ಸಂಘಟಕರ ವಿವೇಕವನ್ನು ನಾನು ಮೊದಲು ಅಭಿನಂದಿಸಬೇಕು. ದುಡಿಯುತ್ತ ಕಲಿಯುವ ಪದವಿ ಯಾರಿಗೆ ನಿಜವಾಗಿ ಅವಶ್ಯವೋ ಅವರು ವಾಸಿಸುವುದು ಇಂಥ ಊರುಗಳಲ್ಲಿಯೇ. ಬೆಳಗಿನ ಮೊದಲ ಬಸ್ಸಿಗೆ ಉಜಿರೆಗೋ ಬೆಳ್ತಂಗಡಿಗೋ ಹೊರಡುವ ಮಕ್ಕಳ ಮನೆಗಳಲ್ಲಿ ಶುಲ್ಕದ ಚಿಂತೆಯೂ ಮುಂದಿನ ಉದ್ಯೋಗದ ಚಿಂತೆಯೂ ಬೇರೆ ಬೇರೆಯಾಗಿರುವುದಿಲ್ಲ.

ದುಡಿಮೆ ಮತ್ತು ವಿದ್ಯಾಭ್ಯಾಸಗಳನ್ನು ಜತೆಗೂಡಿಸುವುದು ಯಾವುದೋ ಪರದೇಶದ ನೂತನ ಆವಿಷ್ಕಾರವೆಂದು ಭಾವಿಸುವವರು ನಮ್ಮ ಜಿಲ್ಲೆಯ ಮನೆಗಳ ಜಗಲಿಯನ್ನು ನೋಡಿದವರಲ್ಲ. ತೊಡೆಯ ಮೇಲೆ ಮೊರವಿಟ್ಟುಕೊಂಡು, ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ ಸುರುಳಿ ಸುತ್ತಿ, ನೂಲು ಬಿಗಿದು, ಸಂಜೆ ಕಟ್ಟುಗಳನ್ನು ಬೀಡಿ ಬ್ರಾಂಚಿಗೆ ಒಯ್ದು, ಸಾವಿರಕ್ಕೆ ಇಷ್ಟೆಂಬ ಮಜೂರಿಯಲ್ಲಿ ಮಗಳ ಕಾಲೇಜಿನ ಫೀಸು ತುಂಬಿದ ತಾಯಂದಿರೂ, ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ತಾಯಿಯ ಪಕ್ಕದಲ್ಲಿ ಕುಳಿತು ಬೀಡಿ ಕಟ್ಟಿದ ಹೆಣ್ಣುಮಕ್ಕಳೂ ಈ ಸಭೆಯಲ್ಲಿಯೇ ಇರಬಹುದು. ನಮ್ಮ ಮಕ್ಕಳು ದುಡಿದೇ ಕಲಿತವರು. ಆದರೆ ಆ ದುಡಿಮೆಗೂ ಆ ಕಲಿಕೆಗೂ ಯಾವ ಸಂಬಂಧವೂ ಇರಲಿಲ್ಲ. ಒಂದು ಮತ್ತೊಂದರ ವೆಚ್ಚವನ್ನು ಭರಿಸಿತೇ ಹೊರತು ಅದಕ್ಕೆ ಬೆಳಕಾಗಲಿಲ್ಲ. ಈ ಸಂಬಂಧವನ್ನು ಕಲ್ಪಿಸುವುದರಲ್ಲಿ ಉದ್ಯಮಗಳ ಪಾಲು ಏನೆಂಬುದೇ ಇಂದಿನ ಜಿಜ್ಞಾಸೆಯ ಕೇಂದ್ರವಾಗಬೇಕೆಂದು ನನ್ನ ಆಶಯ.

ಪ್ರಚಲಿತ ಪದ್ಧತಿಯೇನೋ ಎಲ್ಲರಿಗೂ ವಿದಿತವಾದುದೇ. ಎರಡೂವರೆ ವರ್ಷ ಕಾಲೇಜಿನ ಕಡೆಗೆ ತಿರುಗಿಯೂ ನೋಡದ ಕಂಪೆನಿಯು ಅಂತಿಮ ಸೆಮಿಸ್ಟರಿನಲ್ಲಿ ಕ್ಯಾಂಪಸ್ ಸಂದರ್ಶನಕ್ಕೆ ಬಂದು, ಅರ್ಧ ದಿನದಲ್ಲಿ ನೂರು ಮಂದಿಯನ್ನು ಜರಡಿ ಹಿಡಿದು, ಪದವೀಧರರಿಗೆ ಏನೂ ಬಾರದೆಂದು ಆಕ್ಷೇಪಿಸಿ ಹೊರಟುಹೋಗುತ್ತದೆ. ಕಲಿಸುವ ಹೊಣೆಯಲ್ಲಿ ಭಾಗಿಯಾಗದವರಿಗೆ ಈ ಆಕ್ಷೇಪದ ಅಧಿಕಾರ ಎಲ್ಲಿಂದ ಬಂತು? 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಎಂಜಿನಿಯರಿಂಗ್ ಪ್ರಾಧ್ಯಾಪಕರು 27 ಮಂದಿ ವಿದ್ಯಾರ್ಥಿಗಳೊಡನೆ ಒಂದು ಪ್ರಯೋಗಕ್ಕೆ ತೊಡಗಿದರು: ಒಂದು ತಂಡ ತರಗತಿಯಲ್ಲಿರುವ ವಾರ ಮತ್ತೊಂದು ತಂಡ ಕಾರ್ಖಾನೆಯಲ್ಲಿ, ಮರುವಾರ ಅದಲುಬದಲು. ಯಂತ್ರದ ಮುಂದಿನ ಸ್ಥಾನವೂ ತರಗತಿಯ ಪೀಠವೂ ಎಂದೂ ತೆರವಾಗಿರದ ಈ ಸರಳ ಏರ್ಪಾಡೇ ಕ್ರಮೇಣ ಜಗತ್ತಿಗೆ ಮಾದರಿಯಾಯಿತು. ಅದಕ್ಕಿಂತಲೂ ನನಗೆ ಹೆಚ್ಚು ಅನುಕರಣೀಯವಾಗಿ ತೋರುವುದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಡೈಮ್ಲರ್-ಬೆಂಜ್, ಬಾಷ್ ಮೊದಲಾದ ಸಂಸ್ಥೆಗಳ ಒತ್ತಾಸೆಯಿಂದ 1970ರ ದಶಕದ ಆದಿಯಲ್ಲಿ ರೂಪುಗೊಂಡ ವ್ಯವಸ್ಥೆ. ಅಲ್ಲಿ ವಿದ್ಯಾರ್ಥಿಯನ್ನು ಆರಿಸುವುದು ಕಂಪೆನಿಯೇ. ಮೂರು ವರ್ಷದ ಕರಾರಿಗೆ ಮೊದಲೇ ಸಹಿಯಾಗುತ್ತದೆ. ಮೂರು ತಿಂಗಳು ತರಗತಿ, ಮೂರು ತಿಂಗಳು ಕಾರ್ಯಾಗಾರವೆಂದು ಕಾಲ ಸರಿಯುವಾಗ, ತರಗತಿಯಲ್ಲಿ ಕುಳಿತ ತಿಂಗಳುಗಳಿಗೂ ವೇತನ ನಿಲ್ಲುವುದಿಲ್ಲ. ಆರಿಸಿದವನೇ ಕಲಿಸಬೇಕಾದುದರಿಂದ, ಕಲಿತವನಿಗೆ ಏನೂ ಬಾರದೆಂದು ಮೂರು ವರ್ಷದ ತರುವಾಯ ಗೊಣಗಲು ಯಾರಿಗೂ ಅವಕಾಶವಿರುವುದಿಲ್ಲ.

ದೂರದ ನಿದರ್ಶನಗಳು ಸಾಕು. 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಬಾಸೆಲ್ ಮಿಶನ್, ಮುದ್ರಣ ಮತ್ತು ನೇಯ್ಗೆಯ ತನ್ನ ಕಾರ್ಯಾಗಾರಗಳಲ್ಲಿ ಮಾಡಿದಂತೆಯೇ ಅಲ್ಲಿಯೂ ಕಸುಬು ಕಲಿಸಿತು.  1995ರಲ್ಲಿ ಬೆಂಗಳೂರಿನ ವಿಪ್ರೊ ಸಂಸ್ಥೆಯು ಪಿಲಾನಿಯ ಬಿಟ್ಸ್‌ನೊಡನೆ ಸೇರಿ, ಬಿ.ಎಸ್ಸಿ. ಮುಗಿಸಿದ ತರುಣರನ್ನು ಸಂಬಳ ಕೊಟ್ಟು ನೇಮಿಸಿಕೊಂಡು ಸ್ನಾತಕೋತ್ತರ ಪದವಿಗೆ ಓದಿಸಲು ಆರಂಭಿಸಿತು. ಆದರೆ ಇಂದಿನ ಸಭೆಗೆ ಅತ್ಯಂತ ಬೋಧಪ್ರದವಾದ ನಿದರ್ಶನ ಅನತಿದೂರದ ಉಜಿರೆಯಲ್ಲಿಯೇ ಇದೆ. 1982ರಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯೂ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಸ್ಥಾಪಿಸಿದ ರುಡ್‌ಸೆಟ್ ಸಂಸ್ಥೆ ಪದವಿಯನ್ನು ಕೊಡತಕ್ಕ ಸಂಸ್ಥೆಯಲ್ಲ, ನಿಜ. ಅಲ್ಪಾವಧಿಯ ಉಚಿತ ವಸತಿ ತರಬೇತಿ ಅದರ ಕಾರ್ಯ. ಆದರೂ ಬ್ಯಾಂಕುಗಳು ಅಲ್ಲಿ ದೇಣಿಗೆಯ ಚೆಕ್ಕು ಬರೆದು ಕೈತೊಳೆದುಕೊಳ್ಳಲಿಲ್ಲ. ತಮ್ಮ ಅಧಿಕಾರಿಗಳನ್ನೇ ನಿಯೋಜನೆಯ ಮೇಲೆ ನಿರ್ದೇಶಕರನ್ನಾಗಿ ಕಳುಹಿಸಿದವು. ಸಾಲ ಕೊಡುವ ಮೇಜಿನ ಹಿಂದೆ ಕುಳಿತಿದ್ದವರು ಕಲಿಸುವ ಕೋಣೆಗೆ ಬಂದರು. ತರಬೇತಿ ಮುಗಿದ ಬಳಿಕವೂ ಅಭ್ಯರ್ಥಿಯ ಬೆನ್ನ ಹಿಂದೆ ನಿಲ್ಲುವ ಪರಿಪಾಠ ಬೆಳೆಯಿತು. ಕೇಂದ್ರ ಸರಕಾರವು ಇದನ್ನೇ ಆದರ್ಶವಾಗಿಟ್ಟುಕೊಂಡು ಬ್ಯಾಂಕುಗಳ ಮೂಲಕ ದೇಶದ ಜಿಲ್ಲೆಗಳಲ್ಲಿ ಆರ್‌ಸೆಟಿ ಎಂಬ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಸ್ಥಾಪಿಸಿತು. ಪಾಲುದಾರಿಕೆಯ ಸಾರವೇ ಇದು: ಹಣಕ್ಕಿಂತ ಮೊದಲು ಮನುಷ್ಯನನ್ನು ಕೊಡುವುದು. ಇಪ್ಪತ್ತು ವರ್ಷ ಯಂತ್ರದ ಬಳಿ ಪಳಗಿದ ಫೋರ್‌ಮನ್ ಒಬ್ಬನನ್ನು ವಾರಕ್ಕೆ ಎರಡು ದಿನ ಕಲಿಸುವ ಕೆಲಸಕ್ಕೆಂದು ಬಿಟ್ಟುಕೊಡುವ ಕಂಪೆನಿ, ಪ್ರಯೋಗಾಲಯದ ಗೋಡೆಗೆ ತನ್ನ ಹೆಸರಿನ ಫಲಕ ಹಾಕಿಸುವ ಕಂಪೆನಿಗಿಂತ ದೊಡ್ಡ ದಾನಿಯೆಂದು ನಾನು ಎಣಿಸುತ್ತೇನೆ.

ಕಾನೂನಿನ ಬೆಂಬಲಕ್ಕೆ ಕೊರತೆಯಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯು 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರಿಗೂ, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ಬಾಗಿಲು ತೆರೆದಿದೆ. 2019ರ ನಿಯಮಗಳ ಮೇರೆಗೆ 30 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. 2020ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಲು ಮಾರ್ಗಸೂಚಿ ಹೊರಡಿಸಿತು.

ಆದರೆ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಮೂರು ತಾಲೂಕುಗಳಲ್ಲಿ ಡೈಮ್ಲರ್ ಎಲ್ಲಿದೆ ಎಂದು ನೀವು ಕೇಳಬಹುದು. ನಮ್ಮಲ್ಲಿರುವುದು ಗೇರುಬೀಜದ ಕಾರ್ಖಾನೆ, ರಬ್ಬರು ತೋಟ, ವಾಹನ ದುರಸ್ತಿಯ ಗ್ಯಾರೇಜು, ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಹಕಾರ ಸಂಘ. ಇವುಗಳಲ್ಲಿ ಯಾವುದೊಂದೂ ಏಕಾಂಗಿಯಾಗಿ ಒಂದು ಪದವಿಯ ಭಾರವನ್ನು ಹೊರಲಾರದು. ಆದರೆ ಒಬ್ಬನಿಂದಾಗದುದನ್ನು ಹತ್ತು ಮಂದಿ ಕೂಡಿ ಮಾಡುವ ವಿದ್ಯೆಯನ್ನು ಸಹಕಾರ ಚಳವಳಿಯ ನೇತಾರ ಮೊಳಹಳ್ಳಿ ಶಿವರಾಯರ ಜಿಲ್ಲೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದರು. 1986ರಲ್ಲಿ ಅದೇ ಸಂಸ್ಥೆ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ತೆರೆಯಿತು. ಬಿ.ಕಾಂ. ಓದುವ ಹುಡುಗಿಯೊಬ್ಬಳು ಅಡಿಕೆ ಖರೀದಿ ಕೇಂದ್ರವೊಂದರಲ್ಲಿ ಒಂದು ಋತುವನ್ನು ಕಳೆದಳೆಂದು ಭಾವಿಸೋಣ. ಅಡಿಕೆಯನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿ ಹೊಸತೋ ಹಳತೋ ಎಂದು ತೀರ್ಮಾನಿಸುವುದು, ಪಟೋರ, ಕರಿಗೋಟು ಎಂಬ ದರ್ಜೆಗಳ ಅಡಿಕೆಯನ್ನು ಬೇರ್ಪಡಿಸುವುದು, ಅದೇ ಚೀಲದ ಬೆಲೆ ಈ ಕೈಚಳಕದಿಂದ ಏರಿಳಿಯುವುದು, ದಾಸ್ತಾನಿಗೆ ಕಟ್ಟಿಹಾಕಿದ ಹಣಕ್ಕೆ ಬಡ್ಡಿ ಬೆಳೆಯುವುದು, ಇವೆಲ್ಲ ಕಣ್ಣೆದುರು ನಡೆಯುವಾಗ, ದಾಸ್ತಾನು ಮೌಲ್ಯಮಾಪನದ ಅಧ್ಯಾಯ ಅವಳಿಗೆ ಉರುಹೊಡೆಯತಕ್ಕ ಪಾಠವಾಗಿ ಉಳಿಯುವುದೇ? ಒಬ್ಬಳೇ ವಿದ್ಯಾರ್ಥಿನಿ ಒಂದು ಅವಧಿಯನ್ನು ಸಹಕಾರ ಸಂಘದಲ್ಲಿ, ಇನ್ನೊಂದನ್ನು ಗೇರು ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ, ಮತ್ತೊಂದನ್ನು ಬ್ಯಾಂಕಿನಲ್ಲಿ ಕಳೆಯುವಂತೆ ಈ ಸಂಸ್ಥೆಗಳೆಲ್ಲ ಒಂದು ಕೂಟವನ್ನು ರಚಿಸಿಕೊಂಡು, ವೇತನವನ್ನು ಒಂದೇ ನಿಧಿಯಿಂದ ಕೊಟ್ಟರೆ, ಸ್ಟುಟ್‌ಗಾರ್ಟಿನ ದೊಡ್ಡ ಕಂಪೆನಿಯಲ್ಲಿ ದೊರೆಯದ ವೈವಿಧ್ಯ ಬೆಳ್ತಂಗಡಿಯಲ್ಲಿ ದೊರೆಯುತ್ತದೆ.

ಇನ್ನು ಅಪಾಯಗಳು. ಅಪ್ರೆಂಟಿಸ್ ಎಂಬ ಹೆಸರಿನಲ್ಲಿ ಅಗ್ಗದ ಆಳುಗಳನ್ನು ಸಂಪಾದಿಸಿ, ಮೂರು ವರ್ಷ ಜೆರಾಕ್ಸ್ ಮಾಡಿಸಿ, ಚಹಾ ತರಿಸಿ, ಕೊನೆಗೆ ಪ್ರಮಾಣಪತ್ರವನ್ನು ಕೈಗಿಡುವ ಪ್ರವೃತ್ತಿ ಕಲ್ಪನೆಯಲ್ಲ. ಕಲಿತ ಮೇಲೆ ಇಷ್ಟು ವರ್ಷ ಇಲ್ಲಿಯೇ ಇರತಕ್ಕದ್ದೆಂದು ಬಾಂಡ್ ಬರೆಸಿಕೊಳ್ಳುವುದು ಮತ್ತೊಂದು. ಒಳ್ಳೆಯ ವೇತನದಿಂದಲೂ ಗೌರವದಿಂದಲೂ ಉಳಿಸಿಕೊಳ್ಳಲಾರದವನು ಕಾಗದದಿಂದ ಉಳಿಸಿಕೊಳ್ಳಬಲ್ಲನೆಂಬ ಭ್ರಮೆಗೆ ನನ್ನಲ್ಲಿ ಮದ್ದಿಲ್ಲ. ಕಾಲೇಜುಗಳೂ ನಿರ್ದೋಷಿಗಳಲ್ಲ. ಹುಡುಗರನ್ನು ಕಂಪೆನಿಗೆ ಒಪ್ಪಿಸಿ ನಿಶ್ಚಿಂತರಾಗುವ ಅಧ್ಯಾಪಕರು, ತಿಂಗಳಿಗೊಮ್ಮೆಯಾದರೂ ಕೆಲಸದ ಸ್ಥಳಕ್ಕೆ ಹೋಗಿ ಹುಡುಗನ ದಿನಚರಿ ಪುಸ್ತಕವನ್ನು ತಿರುವಿಹಾಕದಿದ್ದರೆ, ಅಂಕ ಕೊಡುವ ಅಧಿಕಾರವನ್ನು ಅವರು ಯಾವ ಆಧಾರದ ಮೇಲೆ ಚಲಾಯಿಸುವರು?

ಆದುದರಿಂದ ಅಪರಾಹ್ನದ ಗೋಷ್ಠಿಗಳಿಗೆ ನನ್ನ ಬಿನ್ನಹವಿಷ್ಟೆ: ಕಾಲೇಜು, ಕಂಪೆನಿ ಮತ್ತು ವಿದ್ಯಾರ್ಥಿ ಈ ಮೂವರೂ ಸಹಿ ಹಾಕತಕ್ಕ ಕರಾರುಪತ್ರದ ಕರಡನ್ನು ಇಂದೇ ಸಿದ್ಧಪಡಿಸಿರಿ. ಯಾವ ತಿಂಗಳಲ್ಲಿ ಯಾವ ಕೆಲಸವನ್ನು ಕಲಿಸುವುದು, ಕಲಿಸುವವರು ಯಾರು, ವೇತನವೆಷ್ಟು, ಮಧ್ಯದಲ್ಲಿ ಬಿಟ್ಟುಹೋಗುವ ಸ್ವಾತಂತ್ರ್ಯ ಹೇಗೆ, ಸಂಜೆಯ ಪಾಳಿ ಮುಗಿಸಿದ ಹೆಣ್ಣುಮಕ್ಕಳು ಚಾರ್ಮಾಡಿ, ನೆರಿಯದ ಕಡೆಯ ಮನೆಗಳಿಗೆ ಯಾವ ವಾಹನದಲ್ಲಿ ತಲುಪುವರು, ಮಳೆಗಾಲದಲ್ಲಿ ರಸ್ತೆ ಮುಚ್ಚಿದ ದಿನದ ಹಾಜರಿಯನ್ನು ಹೇಗೆ ಎಣಿಸುವುದು ಎಂಬುದೆಲ್ಲವೂ ಅದರಲ್ಲಿ ಸ್ಪಷ್ಟವಾಗಿ, ಹೆತ್ತವರು ಓದಿ ತಿಳಿಯುವ ಕನ್ನಡದಲ್ಲಿ, ನಮೂದಾಗಲಿ. ಈ ಪತ್ರಕ್ಕೆ ಮೊದಲ ಸಹಿ ಹಾಕಲು ಸಿದ್ಧರಿರುವ ಉದ್ಯಮಿಗಳು ಭೋಜನ ವಿರಾಮದೊಳಗೆ ತಮ್ಮ ಹೆಸರನ್ನು ಸಂಚಾಲಕರಲ್ಲಿ ಕೊಡಬೇಕೆಂದು ಕೋರುತ್ತೇನೆ.